ಕುಡಿಯದವನ ಲಿವರು

ಆಂಬ್ರೋಸ್ ಸತ್ತ ದಿನ ಮಂಗಳೂರಿನ ಉರ್ವದ ಅವನ ಮನೆಯ ಅಂಗಳದಲ್ಲಿ ನೆರೆದಿದ್ದ ಗಂಡಸರಲ್ಲಿ ಅರ್ಧಕ್ಕರ್ಧ ಜನ ಬಾಯಲ್ಲಿ ಬ್ರಾಂಡಿಯ ವಾಸನೆ ಇಟ್ಟುಕೊಂಡೇ ಬಂದಿದ್ದರು. ಒಬ್ಬರ ನಂತರ ಒಬ್ಬರು ಪೆಟ್ಟಿಗೆಯೊಳಗೆ ಇಣುಕಿ, ತಲೆ ಅಲ್ಲಾಡಿಸಿ ಹೇಳಿದ್ದು ಒಂದೇ ಮಾತು. "ಒಳ್ಳೆ ಮನುಷ್ಯ ಮಾರಾಯ್ರೇ. ಕುಡಿತವೊಂದು ಇಲ್ಲದಿದ್ರೆ ಇನ್ನೂ ಇಪ್ಪತ್ತು ವರ್ಷ ಇರ್ತಿದ್ದ." ಆಂಬ್ರೋಸ್ ಹದಿನಾರು ವರ್ಷಗಳಿಂದ ಒಂದು ತೊಟ್ಟು ಮದ್ಯ ಮುಟ್ಟಿರಲಿಲ್ಲ. ಅದನ್ನು ಆಣೆಯಿಟ್ಟು ಹೇಳಬಲ್ಲವರು ಆ ಅಂಗಳದಲ್ಲಿ ಇಬ್ಬರೇ ಇದ್ದೆವು. ಒಬ್ಬಳು ಅವನ ಹೆಂಡತಿ ಎಸ್ತೆರ್, ಇನ್ನೊಬ್ಬಳು ನಾನು. ಇಬ್ಬರೂ ಕೈಯಲ್ಲಿ ಜಪಸರ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದೆವು.

ನನ್ನ ಹೆಸರು ಎಲೇನ್ ಎಂದಿಟ್ಟುಕೊಳ್ಳಿ. ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ನನ್ನದನ್ನೂ ಸೇರಿಸಿ. ಹುಡುಕಲು ಹೊರಡುವ ಚಪಲವಿರುವವರಿಗೆ ಮೊದಲೇ ಹೇಳುತ್ತೇನೆ: ಸಿಗುವುದಿಲ್ಲ. ನಾನು ನರ್ಸ್ ಆಗಿದ್ದೆ. ಕೊನೆಯ ಹದಿನೈದು ವರ್ಷ ಒಂದು ಎಆರ್‌ಟಿ ಕೇಂದ್ರದ ಕಿಟಕಿಯ ಹಿಂದೆ ಕುಳಿತೆ. ಎಚ್‌ಐವಿ ಇರುವವರಿಗೆ ಸರಕಾರ ಪುಕ್ಕಟೆ ಮಾತ್ರೆ ಕೊಡುವ ಜಾಗ ಅದು. ಆ ಕಿಟಕಿಯಲ್ಲಿ ಕಂಡ ಮುಖವನ್ನು ಬೀದಿಯಲ್ಲಿ ಕಂಡರೆ ಗುರುತಿಸಬಾರದು. ಗುರುತಿಸಿದರೂ ಹೇಳಬಾರದು. ಅದಕ್ಕೆ ಕಾನೂನು ಉಂಟು. ಕಾನೂನು ಬರುವ ಮೊದಲೇ ನಮಗೆ ಬುದ್ಧಿಯೂ ಇತ್ತು.

ಆಂಬ್ರೋಸ್ ನನಗಿಂತ ಆರು ವರ್ಷ ಚಿಕ್ಕವನು, ನಮ್ಮದೇ ಇಗರ್ಜಿಯವನು, ಅಂದರೆ ನಮ್ಮದೇ ಚರ್ಚಿನವನು. ಎರಡು ಸಾವಿರದ ಒಂಬತ್ತರಲ್ಲಿ ಒಂದು ಸೋಮವಾರ ಬೆಳಿಗ್ಗೆ ಕಿಟಕಿಯೆದುರು ಬಂದವನು, ಒಳಗೆ ನನ್ನನ್ನು ಕಂಡು ಬೆಂಕಿ ಮುಟ್ಟಿದವನ ಹಾಗೆ ಹಿಂದೆ ಸರಿದ. ಹಿಂದಿನ ದಿನ ತಾನೇ ಪೂಜೆಯಲ್ಲಿ ಅವನ ಮುಂದಿನ ಬೆಂಚಿನಲ್ಲಿ ನಿಂತು ಹಾಡಿದವಳು ನಾನು. ಅವನು ಗೇಟಿನವರೆಗೆ ಹೋಗಿಬಿಟ್ಟಿದ್ದ. ನಾನು ಹೆಸರು ಹಿಡಿದು ಕೂಗಲಿಲ್ಲ. "ಟೋಕನ್ ಇಪ್ಪತ್ತೆರಡು, ಬನ್ನಿ" ಎಂದೆ. ಅವನು ಬಂದ. ಮುಂದೆ ಹದಿನೈದು ವರ್ಷ ಅಲ್ಲಿ ನಾನು ಅವನನ್ನು ಕರೆದದ್ದು ಟೋಕನ್ ನಂಬರಿನಿಂದಲೇ.

ಅವನು ದುಬೈಯ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದ. ಅಲ್ಲಿ ವೀಸಾ ಹೊಸದು ಮಾಡುವಾಗ ರಕ್ತಪರೀಕ್ಷೆ ಆಗುತ್ತದೆ. ಈ ಕಾಯಿಲೆ ಕಂಡರೆ ಕೆಲಸವೂ ಇಲ್ಲ, ವಿದಾಯವೂ ಇಲ್ಲ. ಸೀದಾ ವಿಮಾನ. ಊರಿನಲ್ಲಿ "ಕಂಪೆನಿ ಮುಚ್ಚಿತು" ಎಂದ. ಆ ವರ್ಷ ನಿಜವಾಗಿಯೂ ಎಷ್ಟೋ ಕಂಪೆನಿಗಳು ಮುಚ್ಚಿದ್ದವು, ಎಲ್ಲರೂ ನಂಬಿದರು. ಕಾಯಿಲೆ ಎಲ್ಲಿಂದ ಬಂತು ಎಂದು ನಾನು ಕೇಳಿಲ್ಲ. ಎಸ್ತೆರ್ ಕೇಳಿದಳು, ಅವನು ಹೇಳಿದ, ಅವಳು ಮೂರು ತಿಂಗಳು ಮಾತು ಬಿಟ್ಟಳು, ಆಮೇಲೆ ಒಂದು ದಿನ ತಟ್ಟೆಯಿಟ್ಟು ಬಡಿಸಿದಳು. ಅವಳನ್ನೂ ಮಗಳು ಏವ್ರಿಲ್‌ಳನ್ನೂ ಪರೀಕ್ಷೆ ಮಾಡಿಸಿದ್ದರು, ಇಬ್ಬರಿಗೂ ಏನೂ ಇರಲಿಲ್ಲ. ಮಗಳಿಗೆ ಆಗ ಹನ್ನೊಂದು ವರ್ಷ. ರಕ್ತ ಯಾಕೆ ತೆಗೆದದ್ದು ಎಂದು ಅವಳಿಗೆ ಹೇಳಲಿಲ್ಲ.

ಹೊಟ್ಟೆಪಾಡಿಗೆ ಆಂಬ್ರೋಸ್ ತನಗೆ ಗೊತ್ತಿದ್ದ ಕೆಲಸವನ್ನೇ ಹಿಡಿದ. ಮದುವೆ, ನಾಮಕರಣ, ತೀರಿಕೊಂಡವರ ತಿಂಗಳ ಪೂಜೆಯ ಊಟ, ಎಲ್ಲದಕ್ಕೂ ಅಡುಗೆ. ಅವನ ಹಂದಿ ಬಾಫಾತ್ ತಿಂದವರು ಬೆರಳು ನೆಕ್ಕುತ್ತಿದ್ದರು. ಇಗರ್ಜಿಯ ಹಬ್ಬಕ್ಕೆ ಅವನೇ ಆಗಬೇಕು ಎನ್ನುತ್ತಿದ್ದರು. ಊಟದಿಂದ ಈ ಕಾಯಿಲೆ ಹರಡುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಹರಡುವುದಿಲ್ಲ. ಹೊಸ ರೋಗಿಗಳಿಗೆ ದಿನಾ ಇದನ್ನೇ ಹೇಳಿ ನನ್ನ ಗಂಟಲು ಒಣಗಿದೆ. ಊರಿಗೆ ಹೇಳುವವರು ಯಾರು? ಊರಿಗೆ ಗೊತ್ತಾದರೆ ಆ ಬೆರಳು ನೆಕ್ಕಿದವರೇ ಅವನ ಮನೆಯ ಗೋಡೆಗೆ ಕಲ್ಲು ಹೊಡೆಯುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಬೆರಳುಗಳನ್ನು ನಾನು ಬಲ್ಲೆ.

ಮೊದಲ ದಿನವೇ ಡಾಕ್ಟರು ಕುಡಿಯಬೇಡಿ ಎಂದಿದ್ದರು. ಅವನು ಬಿಟ್ಟ. ಆದರೆ ನಮ್ಮ ಮದುವೆಗಳಲ್ಲಿ ಟೋಸ್ಟ್ ಇರುತ್ತದೆ. ಎಲ್ಲರೂ ಎದ್ದು ನಿಂತು ವೈನಿನ ಗ್ಲಾಸು ಎತ್ತಬೇಕು. ಎತ್ತದವನನ್ನು ಹತ್ತು ಜನ ಕೇಳುತ್ತಾರೆ, "ಎಂತ, ಮಾತ್ರೆ ತಗೊಳ್ತಿದ್ದೀಯಾ?" ಎಂದು. ಈ ಪ್ರಶ್ನೆಗೆ ಹೆದರಿ ಆಂಬ್ರೋಸ್ ಒಂದು ಉಪಾಯ ಮಾಡಿದ. ಎಸ್ತೆರ್ ಮನೆಯಲ್ಲಿ ಪುನರ್ಪುಳಿ ಸಿಪ್ಪೆ ಕುದಿಸಿ ಗಟ್ಟಿ ಶರಬತ್ತು ಮಾಡಿ ಬಾಟಲಿಯಲ್ಲಿ ತುಂಬಿಸಿ ಕೊಡುತ್ತಿದ್ದಳು. ಅಡುಗೆಯವನ ಸಾಮಾನಿನಲ್ಲಿ ಒಂದು ಬಾಟಲಿ ಹೆಚ್ಚಿದ್ದರೆ ಯಾರು ನೋಡುತ್ತಾರೆ? ಟೋಸ್ಟಿನ ಹೊತ್ತಿಗೆ ಅದನ್ನೇ ಗ್ಲಾಸಿಗೆ ಬಗ್ಗಿಸಿಕೊಂಡು, ಕೆಂಪಗೆ ಹೊಳೆಯುವ ಗ್ಲಾಸನ್ನು ಎಲ್ಲರಿಗಿಂತ ಎತ್ತರಕ್ಕೆ ಎತ್ತುತ್ತಿದ್ದ. ಒಮ್ಮೆ ನನ್ನ ಗ್ಲಾಸಿಗೂ ಅದನ್ನೇ ಸುರಿದು ಕಣ್ಣು ಮಿಟುಕಿಸಿದ. ಹುಳಿಗೆ ನನ್ನ ಹಲ್ಲು ಜುಮ್ಮೆಂದಿತು. ಮಾತ್ರೆಗೆ ಬಂದಾಗಲೆಲ್ಲ ಅವನ ಕಾರ್ಡಿನಲ್ಲಿ "ಮದ್ಯ ಸೇವನೆ" ಎಂಬ ಕಡೆ ನಾನು "ಇಲ್ಲ" ಎಂದು ಬರೆಯುತ್ತಿದ್ದೆ. ಹದಿನೈದು ವರ್ಷವೂ ಅದನ್ನೇ ಬರೆದೆ.

ಮೊದಲ ಕೆಲವು ವರ್ಷ ಕೊಡುತ್ತಿದ್ದ ಹಳೆಯ ಮಾತ್ರೆಗಳು ಕೆಲವರ ಕೆನ್ನೆಯ ಕೊಬ್ಬನ್ನೇ ತಿಂದುಹಾಕುತ್ತಿದ್ದವು. ಆಂಬ್ರೋಸನ ಕೆನ್ನೆ ಗುಳಿ ಬಿತ್ತು, ಕೈಯ ನರಗಳು ಎದ್ದು ಕಂಡವು. ಮಂಗಳೂರಿನಲ್ಲಿ ಗಲ್ಫಿನಿಂದ ಬಂದವನು ಸೊರಗಿದರೆ ಜನರ ಕಣ್ಣು ಮೊದಲು ಅವನ ಕೆನ್ನೆಗೆ, ಆಮೇಲೆ ಅವನ ಹೆಂಡತಿಯ ಕೆನ್ನೆಗೆ ಹೋಗುತ್ತದೆ. ಎಸ್ತೆರ್ ಈ ಕಣ್ಣುಗಳಿಗೆ ಹೆದರಿದಷ್ಟು ಕಾಯಿಲೆಗೆ ಹೆದರಿದವಳಲ್ಲ. ಗಂಡನನ್ನು ದಪ್ಪ ಮಾಡುವುದೇ ಅವಳ ವ್ರತವಾಯಿತು. ಬೆಳಿಗ್ಗೆ ತುಪ್ಪ ಸುರಿದ ಸಾನ್ನಾಂ ಎಂಬ ಇಡ್ಲಿ, ಹನ್ನೊಂದಕ್ಕೆ ಎರಡು ಮೊಟ್ಟೆ, ಮಧ್ಯಾಹ್ನ ಕೊಬ್ಬು ಬಿಡದ ಮಾಂಸ, ಸಂಜೆಗೆ ಸಕ್ಕರೆ ಹಾಕಿದ ಹಾಲು. "ದಪ್ಪ ಅಡುಗೆಯವನ ಕೈಯಡುಗೆಯನ್ನು ಯಾರೂ ಸಂಶಯಪಡುದಿಲ್ಲ" ಎನ್ನುತ್ತಿದ್ದಳು. ಅವಳ ಮಟ್ಟಿಗೆ ಅದು ಸತ್ಯವೇ.

ಕೊರೊನಾ ಇಳಿದ ಮೇಲೆ ಹೊಸ ಮಾತ್ರೆ ಬಂತು. ಒಳ್ಳೆಯ ಮಾತ್ರೆ, ದಿನಕ್ಕೆ ಒಂದೇ. ವೈರಸ್ಸನ್ನು ಪರೀಕ್ಷೆಯಲ್ಲಿ ಸಿಗದಷ್ಟು ಅಡಗಿಸಿಬಿಡುತ್ತದೆ. ಆದರೆ ಕೆಲವರಿಗೆ ಅದರಿಂದ ತೂಕ ಏರುತ್ತದೆ. ಆಂಬ್ರೋಸ್ ಒಂದೂವರೆ ವರ್ಷದಲ್ಲಿ ಎಪ್ಪತ್ತೆರಡರಿಂದ ತೊಂಬತ್ತು ಕೆಜಿಗೆ ಹೋದ. ಕೆನ್ನೆ ತುಂಬಿತು, ಅಂಗಿಯ ಗುಂಡಿ ಹಾರಿತು. ಎಸ್ತೆರ್ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದಳು. ಅದೇ ವರ್ಷ ಸಕ್ಕರೆ ಕಾಯಿಲೆ ಕಾಣಿಸಿತು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ನಮ್ಮ ಡಾಕ್ಟರು ಮುಖೇಶ್ ಎಂಬ ಯುವಕ, ಮುಖ ನೋಡದೆ ಮಾತಾಡುವ ಜಾತಿಯವರಲ್ಲ. ರಿಪೋರ್ಟು ಬದಿಗಿಟ್ಟು ಆಂಬ್ರೋಸನ ಎದುರು ಕುರ್ಚಿ ಎಳೆದು ಕುಳಿತರು.

"ವೈರಸ್ಸಿನಿಂದ ನಿಮಗೆ ತೊಂದರೆ ಇಲ್ಲ. ತೊಂದರೆ ಇರುವುದು ಲಿವರಿನದ್ದು. ಕೊಬ್ಬು ತುಂಬಿದೆ. ಬರೀ ಕೊಬ್ಬಲ್ಲ, ಒಳಗೆ ಗಾಯದ ಕಲೆ ಶುರುವಾಗಿದೆ, ಲಿವರ್ ಗಟ್ಟಿಯಾಗ್ತಾ ಉಂಟು."

"ನಾನು ಕುಡಿಯುದೇ ಇಲ್ಲ ಡಾಕ್ಟ್ರೇ."

"ಗೊತ್ತುಂಟು. ಕುಡಿಯದವರಿಗೂ ಬರ್ತದೆ. ಎಚ್‌ಐವಿ ಇರುವವರಲ್ಲಿ ಜಾಸ್ತಿಯೇ ಕಾಣ್ತೇವೆ. ಹಳೆ ಮಾತ್ರೆಯ ಪೆಟ್ಟು, ಈಗಿನ ತೂಕ, ಸಕ್ಕರೆ, ಎಲ್ಲ ಸೇರ್ತದೆ. ಎಆರ್‌ಟಿ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಬಿಡ್ಬೇಡಿ. ಹತ್ತು ಕೆಜಿ ಇಳಿಸಿ. ನಿಮ್ಮ ಮದ್ದು ಅದೇ. ಈಗ ಇಳಿಸಿದ್ರೆ ಲಿವರ್ ವಾಪಸ್ ಬರ್ತದೆ, ತಡ ಮಾಡಿದ್ರೆ ಬರುದಿಲ್ಲ."

ಆಂಬ್ರೋಸ್ ಇಳಿಸಿದ! ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಕದ್ರಿ ಪಾರ್ಕಿಗೆ ಹೋಗಿ ಒಂದು ಗಂಟೆ ನಡೆದ. ತಾನೇ ಬೇಯಿಸಿದ ಮಾಂಸವನ್ನು ನಾಲಿಗೆಗೆ ತಾಗಿಸಿ ಉಗುಳಿದ. ನಾಲ್ಕು ತಿಂಗಳಲ್ಲಿ ಒಂಬತ್ತು ಕೆಜಿ. ನನ್ನ ತೂಕದ ಯಂತ್ರದ ಮೇಲೆ ನಿಂತು, ಪರೀಕ್ಷೆಯಲ್ಲಿ ಫಸ್ಟ್ ಬಂದ ಹುಡುಗನ ಹಾಗೆ ನನ್ನ ಮುಖ ನೋಡಿದ. ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕಿಗಳೂ ಇಳಿದಿದ್ದವು. ಇನ್ನು ಬದುಕಿದ ಎಂದುಕೊಂಡೆ.

ಆಗ ಬಂತು ಏವ್ರಿಲ್‌ಳ ಮದುವೆಯ ಮಾತು. ಅವಳು ಕೊಡಿಯಾಲ್‌ಬೈಲಿನ ಶಾಲೆಯೊಂದರಲ್ಲಿ ಟೀಚರ್. ಅಪ್ಪನ ಮುದ್ದು, ನೇರ ಮಾತಿನವಳು, ಸುಳ್ಳು ಕಂಡರೆ ಉರಿಯುವವಳು. ಹುಡುಗ ಕೆಲ್ವಿನ್, ಕತಾರಿನಲ್ಲಿ ಕೆಲಸ, ಮನೆ ಕದ್ರಿಯಲ್ಲಿ. ಅಪ್ಪ ವಿಲ್ಸನ್, ಅಮ್ಮ ಆನ್ಸಿ. ಹೆಂಗಸರನ್ನು ಮರ್ಯಾದೆಗೂ ಮುದ್ದಿಗೂ ನಮ್ಮಲ್ಲಿ ಬಾಯಿ ಎನ್ನುವುದು, ಹಾಗೆ ಅವರು ಆನ್ಸಿ ಬಾಯಿ. ಎರಡೂ ಮನೆಯವರಿಗೆ ಒಪ್ಪಿಗೆಯಾಗಿತ್ತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮೈದಾನದಲ್ಲಿ ಆನ್ಸಿ ಬಾಯಿ ಆಂಬ್ರೋಸನನ್ನು ಮೇಲಿಂದ ಕೆಳಗೆ ನೋಡಿ ಎಸ್ತೆರಳ ಕೈ ಹಿಡಿದುಕೊಂಡರು.

"ಎಂತ ಎಸ್ತೆರ್ ಬಾಯಿ, ನಿಮ್ಮವರು ಹೀಗೆ ಬಾಡಿದ್ದಾರೆ? ನಮ್ಮ ನೆರೆಯಲ್ಲಿ ಒಬ್ಬ ಹೀಗೇ ಗಲ್ಫಿನಿಂದ ಬಂದವ ಇದ್ದ. ಕಡ್ಡಿ ಆಗಿ ಹೋದ. ಆಮೇಲೆ ಗೊತ್ತಾದದ್ದು ಎಂತದು ಅಂತ. ಹೆಣ್ಣುಮಕ್ಕಳು ಇಬ್ಬರೂ ಈಗ್ಲೂ ಮನೆಯಲ್ಲೇ ಇದ್ದಾರೆ, ಪಾಪ."

ಪಾಪ ಎಂಬ ಶಬ್ದವನ್ನು ಅಷ್ಟು ಖುಷಿಯಿಂದ ಹೇಳುವವರನ್ನು ನಾನು ಬೇರೆ ಕಂಡಿಲ್ಲ. ಎಸ್ತೆರ್ "ಅಯ್ಯೋ ಇಲ್ಲ, ವಾಕಿಂಗ್ ಹೋಗ್ತಾರಲ್ಲ" ಎಂದು ನಕ್ಕಳು. ಮನೆಗೆ ಬಂದವಳೇ ಗಂಡನ ವಾಕಿಂಗ್ ಶೂ ಎತ್ತಿ ಅಟ್ಟಕ್ಕೆಸೆದಳು. ಇದನ್ನು ನನಗೆ ಹೇಳಿದವನು ಆಂಬ್ರೋಸನೇ, ಮುಂದಿನ ಸಲ ಮಾತ್ರೆಗೆ ಬಂದಾಗ.

"ಮದುವೆ ಆಗುವವರೆಗೆ ನಡೆಯುದು ಬೇಡವಂತೆ. ಡಾಕ್ಟ್ರು ಹೇಳಿದ್ದಾರಲ್ಲ ಮಾರಾಯ್ತಿ ಅಂದೆ. ಡಾಕ್ಟ್ರಿಗೆ ಮದುವೆ ಮಾಡಿಸ್ಲಿಕ್ಕೆ ಮಗಳುಂಟಾ ಅಂತ ಕೇಳಿದಳು. ಕೆಲ್ವಿನ್ ರಜೆಗೆ ಬರಲಿಕ್ಕೆ ಆರು ತಿಂಗಳು. ಆರು ತಿಂಗಳಲ್ಲಿ ಯಾರೂ ಸಾಯುದಿಲ್ಲ ಅಂದಳು."

ಆರು ತಿಂಗಳಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಕೆಲ್ವಿನನಿಗೆ ರಜೆ ಸಿಗಲಿಲ್ಲ. ಮುಂದಿನ ವರ್ಷ ಅವನ ಅಜ್ಜಿ ತೀರಿಕೊಂಡರು, ವರ್ಷಾಂತಿಕ ಕಳೆಯದೆ ಮದುವೆ ಬೇಡ ಎಂದರು. ಆರು ತಿಂಗಳೆಂದದ್ದು ಎರಡು ವರ್ಷವಾಯಿತು. ಆ ಎರಡು ವರ್ಷ ಎಸ್ತೆರ್ ಗಂಡನನ್ನು ಕ್ರಿಸ್ಮಸ್ಸಿನ ಹಂದಿಯನ್ನು ಸಾಕುವ ಹಾಗೆ ಸಾಕಿದಳು. ಇದನ್ನು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ. ಅವಳಿಗೆ ಅವನ ಮೇಲೆ ಪ್ರೀತಿ ಇತ್ತು ಎಂಬುದೂ ನನಗೆ ಗೊತ್ತು, ಅದಕ್ಕೇ ಇಷ್ಟು ಕೋಪ. ತೊಂಬತ್ತೆಂಟು ಕೆಜಿ ತೋರಿಸಿದ ದಿನ ನಾನು ಕಿಟಕಿಯಿಂದಲೇ ಬೈದೆ. ಅವನು ನಕ್ಕ.

"ಎಲೇನ್ ಬಾಯಿ, ದಪ್ಪ ಇದ್ರೆ ಮಗಳಿಗೆ ಮದುವೆ, ತೆಳ್ಳಗಾದ್ರೆ ನನಗೆ ಆಯುಷ್ಯ. ಎರಡೂ ಒಟ್ಟಿಗೆ ಕೊಡುವ ಮಾತ್ರೆ ನಿಮ್ಮ ಹತ್ರ ಉಂಟಾ?"

ನನ್ನ ಹತ್ತಿರ ಇರಲಿಲ್ಲ. ಆ ವರ್ಷವೇ ಡಿಸೆಂಬರಿನಲ್ಲಿ ನಾನು ನಿವೃತ್ತಳಾದೆ. ನಿವೃತ್ತಳಾದ ವಾರವೇ ಆಂಬ್ರೋಸ್ ಮನೆಯ ಅಡುಗೆಕೋಣೆಯಲ್ಲಿ ರಕ್ತ ವಾಂತಿ ಮಾಡಿಕೊಂಡು ಬಿದ್ದ. ಮದುವೆಗೆ ಇನ್ನು ಮೂರೇ ವಾರ ಇತ್ತು. ಕೊಡಿಯಾಲ್‌ಬೈಲಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಲಿವರ್ ಕಲ್ಲಾಗಿತ್ತು. ಅದರೊಳಗೆ ಹರಿಯಲಾರದ ರಕ್ತ ಅನ್ನನಾಳದ ನರಗಳನ್ನು ಊದಿಸಿ ಒಡೆದಿತ್ತು. ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಹಳದಿ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ಕಾಮಾಲೆ ಬಂದದ್ದು ಅವನಿಗೆ, ಹಳದಿ ಕಂಡದ್ದು ಊರಿಗೆ. ಲಿವರ್ ಎಂದ ಕೂಡಲೇ ಊರು ಬಾಟಲಿ ಎಂದಿತು.

ಮೂರನೆಯ ದಿನ ನಾನು ನೋಡಲು ಹೋದಾಗ ಮಂಚದ ಒಂದು ಬದಿ ಎಸ್ತೆರ್, ಇನ್ನೊಂದು ಬದಿ ಅಪ್ಪನ ಕೈ ಹಿಡಿದು ಏವ್ರಿಲ್. ಅಷ್ಟರಲ್ಲಿ ಕಿತ್ತಳೆಯ ಚೀಲ ಹಿಡಿದು ವಿಲ್ಸನ್ ಮತ್ತು ಆನ್ಸಿ ಬಂದರು. ವಿಲ್ಸನ್ ಸುತ್ತಿ ಬಳಸುವ ಮನುಷ್ಯನಲ್ಲ.

"ಆಂಬ್ರೋಸ್, ನೇರ ಕೇಳ್ತೇನೆ, ಬೇಜಾರು ಮಾಡ್ಬೇಡಿ. ಲಿವರ್ ಅಂತ ಹೇಳಿದ್ರು. ಯಾಕೆ ಹಾಳಾದದ್ದು? ಮದುವೆಯ ವಿಷಯ ಅಲ್ವಾ. ರಕ್ತದ ಕಾಯಿಲೆ ಎಂತಾದ್ರೂ ಉಂಟಾ?"

ಎಸ್ತೆರ್ ಕೈಯಲ್ಲಿದ್ದ ಚಮಚವನ್ನು ತಟ್ಟೆಗಿಟ್ಟಳು. ಆಂಬ್ರೋಸ್ ಮಗಳನ್ನು ಒಂದು ಸಲ ನೋಡಿದ. ಆಮೇಲೆ ಅವಳ ಹಿಡಿತದಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

"ಅಂಥದ್ದೆಲ್ಲ ಇಲ್ಲ ವಿಲ್ಸನ್. ಕುಡಿತ. ಗಲ್ಫಿನಿಂದ ಬಂದ ಮೇಲೆ ಶುರುವಾದದ್ದು. ಮನೆಯಲ್ಲಿ ಅಡಗಿಸಿ ಕುಡೀತಿದ್ದೆ. ಈಗ ಬಿಟ್ಟೆ."

ವಿಲ್ಸನ್ ದೊಡ್ಡದಾಗಿ ಉಸಿರು ಬಿಟ್ಟರು. ಬಿಟ್ಟು, ನಕ್ಕರು. "ಅಷ್ಟೇ ಅಲ್ವಾ ಮಾರಾಯ್ರೇ! ನಾವು ಎಂತೆಂತದೋ ಎಣಿಸಿದೆವು. ನನ್ನ ತಮ್ಮಂದಿರು ಮೂರು ಜನವೂ ಹಾಗೆಯೇ." ಆನ್ಸಿ ಬಾಯಿ ಕಿತ್ತಳೆ ಸುಲಿಯಲು ಕುಳಿತರು. ನಮ್ಮ ಊರಿನ ಕರುಣೆ ಇಷ್ಟೇ. ಅದು ಬಾಟಲಿಗೆ ಬಾಗಿಲು ತೆರೆಯುತ್ತದೆ, ಮಾತ್ರೆಗೆ ತೆರೆಯುವುದಿಲ್ಲ.

ಏವ್ರಿಲ್ ಬ್ಯಾಗು ಎತ್ತಿಕೊಂಡು ಹೊರಗೆ ಹೋದಳು. ನಾನೂ ಎಸ್ತೆರಳೂ ಹಿಂದೆಯೇ ಹೋದೆವು. ಲಿಫ್ಟಿನ ಎದುರು ತಿರುಗಿ ನಿಂತು ಕೇಳಿದಳು.

"ಮಮ್ಮಿ, ನಿಮಗೆ ಗೊತ್ತಿತ್ತಾ?"

ಎಸ್ತೆರ್ ಗೋಡೆಗೊರಗಿ ನಿಂತು ಹೌದೆಂದು ತಲೆಯಾಡಿಸಿದಳು.

ಏವ್ರಿಲ್‌ಳ ಲೆಕ್ಕ ಅಂದೇ ಸರಿಹೋಯಿತು. ಅಪ್ಪನ ಕಪಾಟಿನಲ್ಲಿ ಯಾವತ್ತೂ ಬೀಗ ಹಾಕಿರುತ್ತಿದ್ದ ಆ ಒಂದು ಖಾನೆ, ಆಗಾಗ ಬೆಳಿಗ್ಗೆ ಯಾರನ್ನೂ ಕರೆದುಕೊಳ್ಳದೆ ಒಬ್ಬನೇ ಹೋಗಿ ತಡವಾಗಿ ಬರುವುದು, ಕೇಳಿದರೆ ಮಾತು ಹಾರಿಸುವುದು. ಮಾತ್ರೆಯನ್ನು ಅಡಗಿಸಲು ಅವನು ಮಾಡಿದ್ದೆಲ್ಲ ಬಾಟಲಿಯನ್ನು ಅಡಗಿಸುವವನು ಮಾಡುವಂಥದ್ದೇ ಆಗಿತ್ತು. ಟೀಚರಲ್ಲವೇ, ಎಲ್ಲವನ್ನೂ ಕೂಡಿಸಿದಳು. ತಪ್ಪು ಉತ್ತರಕ್ಕೆ ಅಷ್ಟು ಸರಿಯಾಗಿ ಕೂಡಿಸಿದವರನ್ನು ನಾನು ನೋಡಿಲ್ಲ. ಅಪ್ಪನೊಂದಿಗೆ ಮಾತು ಬಿಟ್ಟಳು.

ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ರೋಸ್. ಮದುಮಗಳಿಗೆ ತೆಂಗಿನ ಹಾಲು, ಎಣ್ಣೆ ಹಚ್ಚಿ ಮನೆಯವರೆಲ್ಲ ಹರಸುತ್ತಾರೆ. ಆಂಬ್ರೋಸನನ್ನು ಆಸ್ಪತ್ರೆಯಿಂದ ಹಿಂದಿನ ದಿನವಷ್ಟೇ ಬಿಟ್ಟಿದ್ದರು. ನೀರು ತೆಗೆದ ಹೊಟ್ಟೆಗೆ ಪಟ್ಟಿ ಕಟ್ಟಿ, ಮೇಲೆ ಕೋಟು ತೊಡಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಹಾಲು ಹಚ್ಚಲು ಅವನು ಎದ್ದು ಬಂದಾಗ ಏವ್ರಿಲ್ ಕಣ್ಣು ಮುಚ್ಚಿಕೊಂಡಳು. ಅವನು ಅವಳ ಹಣೆಗೆ ಎರಡು ಬೆರಳು ತಾಗಿಸಿ ಹಿಂದೆ ಸರಿದ. ಆಮೇಲೆ ಟೋಸ್ಟ್.

ಸುಳ್ಳುಗಾರನಿಗೆ ನೆನಪಿನ ಶಕ್ತಿ ಬೇಕು. ಹದಿನೈದು ವರ್ಷ ಅವನು ಕುಡಿಯುವವನ ಹಾಗೆ ನಟಿಸಿದ್ದ. ಈಗ ಮೂರು ವಾರದಿಂದ ಕುಡಿತ ಬಿಟ್ಟವನ ಹಾಗೆ ನಟಿಸಬೇಕಿತ್ತು. "ಎಲ್ಲರೂ ಎದ್ದು ನಿಲ್ಲಿ" ಎಂಬ ಕೂಗು ಕೇಳಿದ್ದೇ ಅವನ ಕೈ ಅಭ್ಯಾಸಬಲದಿಂದ ಕುರ್ಚಿಯ ಕೆಳಗಿದ್ದ ತನ್ನ ಎಂದಿನ ಚೀಲಕ್ಕೆ ಹೋಯಿತು, ಪುನರ್ಪುಳಿಯ ಬಾಟಲಿ ತೆಗೆಯಿತು, ಗ್ಲಾಸಿಗೆ ಬಗ್ಗಿಸಿತು. ಮಗಳ ಟೋಸ್ಟ್ ಅಲ್ಲವೇ, ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ. ಕೆಂಪು ಗ್ಲಾಸು, ಹಳದಿ ಕಣ್ಣು, ಬಾಯಿ ತುಂಬ ನಗು. ಫೋಟೋದವನು ಕ್ಲಿಕ್ಕಿಸಿದ. ಚಪ್ಪರದಲ್ಲಿ ಗುಸುಗುಸು ಎದ್ದಿತು. ಆಗ ಅವನಿಗೆ ನೆನಪಾಯಿತು. ಕೈ ಇಳಿಯಿತು, ಗ್ಲಾಸಿನದು ಅರ್ಧ ಕೋಟಿನ ಮೇಲೆ ಚೆಲ್ಲಿತು.

ತೆಂಗಿನ ಹಾಲು ಗಲ್ಲದಿಂದ ತೊಟ್ಟಿಕ್ಕುತ್ತಿದ್ದ ಏವ್ರಿಲ್ ಅವನನ್ನೇ ನೋಡುತ್ತಿದ್ದಳು. "ಇವತ್ತೂ?" ಎಂದಳು. ಅಷ್ಟೇ.

ಎಸ್ತೆರ್ ಆ ಗ್ಲಾಸು ಕಿತ್ತು ಮಗಳ ಮೂಗಿಗೆ ಹಿಡಿದಿದ್ದರೆ ಸಾಕಿತ್ತು. ಪುನರ್ಪುಳಿಯ ವಾಸನೆ ಗೊತ್ತಿಲ್ಲದವರು ಮಂಗಳೂರಿನಲ್ಲಿ ಯಾರು? ಆದರೆ ಅದು ಶರಬತ್ತು ಎಂದಾದರೆ ಮುಂದಿನ ಪ್ರಶ್ನೆ ಬರುತ್ತದೆ. ಕುಡಿಯದವನಿಗೆ ಲಿವರ್ ಯಾಕೆ ಹೋಯಿತು? ಆನ್ಸಿ ಬಾಯಿ ನಾಲ್ಕು ಮಾರು ದೂರದಲ್ಲಿದ್ದರು. ಎಸ್ತೆರ್ ಸೆರಗಿನಿಂದ ಗಂಡನ ಕೋಟು ಒರೆಸಿದಳು, ಅಷ್ಟೇ ಮಾಡಿದಳು. ನಾನು ಅದನ್ನೂ ಮಾಡಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಆರು ತಿಂಗಳ ನಂತರ ಆಸ್ಪತ್ರೆಯವರು ಉಳಿದದ್ದು ಒಂದೇ ದಾರಿ ಎಂದರು: ಹತ್ತಿರದ ಸಂಬಂಧಿಯೊಬ್ಬರು ಲಿವರಿನ ಒಂದು ಭಾಗ ಕೊಡಬೇಕು. ವೈರಸ್ ಹತೋಟಿಯಲ್ಲಿರುವುದರಿಂದ ಎಚ್‌ಐವಿ ಅಡ್ಡಿಯಲ್ಲ, ಮಾಡಬಹುದು ಎಂದಿದ್ದರು. ಎಸ್ತೆರಳ ರಕ್ತದ ಗುಂಪು ಬೇರೆ, ಸಾಲದ್ದಕ್ಕೆ ಅವಳಿಗೂ ಸಕ್ಕರೆ. ಏವ್ರಿಲ್‌ಳದ್ದು ಅಪ್ಪನದೇ ಗುಂಪು. ಕರೆಸಿದರು. ವಾರ್ಡಿನ ಹೊರಗೆ ನಿಂತೇ ಉತ್ತರ ಕೊಟ್ಟಳು.

"ನನ್ನ ಹೊಟ್ಟೆ ಕೊಯ್ದು ಕೊಡಬೇಕು, ಅದನ್ನೂ ಇವರು ಕುಡಿದು ಮುಗಿಸ್ಬೇಕು, ಅಲ್ವಾ? ಆಸ್ಪತ್ರೆಯಿಂದ ಬಂದ ಮರುದಿನವೇ ಗ್ಲಾಸು ಎತ್ತಿದವರು. ನಾನೇ ನೋಡಿದ್ದೇನೆ ಮಮ್ಮಿ. ಕೊಡುದಿಲ್ಲ. ನನಗೆ ನನ್ನ ಮನೆ ಉಂಟು ಈಗ."

ಅವಳು ಹೋದ ಮೇಲೆ ಎಸ್ತೆರ್ ನನ್ನ ಎರಡೂ ಕೈ ಹಿಡಿದಳು. "ನಾನು ಹೇಳಿಬಿಡ್ತೇನೆ ಬಾಯಿ. ಸಾಕು. ಎಂತ ಬೇಕಾದ್ರೂ ಆಗ್ಲಿ." ನಾನು "ಹೇಳು" ಎಂದೆ. ನನಗೆ ಹೇಳುವ ಹಕ್ಕಿಲ್ಲ, ಅವಳಿಗುಂಟು ಎಂದುಕೊಂಡೆ. ಅದಕ್ಕೂ ಅವನ ಒಪ್ಪಿಗೆ ಕೇಳೋಣವೆಂದು ಇಬ್ಬರೂ ಒಳಗೆ ಹೋದೆವು. ಕೇಳದೆ ಹೇಳಿಬಿಡಬೇಕಿತ್ತು.

ಆಂಬ್ರೋಸನ ತೋಳು ಕಡ್ಡಿಯಾಗಿತ್ತು, ಕೆನ್ನೆ ಗುಳಿ ಬಿದ್ದಿತ್ತು, ಹೊಟ್ಟೆಯೊಂದೇ ಗುಡಾಣದ ಹಾಗೆ.

"ನೋಡಿ ಎಲೇನ್ ಬಾಯಿ, ಮುಖೇಶ್ ಡಾಕ್ಟ್ರು ಹೇಳಿದ ಹತ್ತು ಕೆಜಿ ಇಳೀತು. ಈಗ ಎಷ್ಟು ಸೊರಗಿದ್ರೂ ಯಾರಿಗೂ ಸಂಶಯ ಇಲ್ಲ. ಎಲ್ಲರೂ ಕುಡುಕ ಅಂತಾರೆ. ಎಷ್ಟು ಸುಖ!"

"ಮಗಳಿಗೆ ಹೇಳುವ ಆಂಬ್ರೋಸ್" ಎಂದೆ. "ಗೊತ್ತಾದ್ರೆ ಅವಳು ಕೊಡ್ತಾಳೆ."

"ಕೊಡ್ತಾಳೆ, ನನಗೂ ಗೊತ್ತುಂಟು. ಅದಕ್ಕೇ ಹೇಳ್ಬಾರ್ದು. ಕೊಟ್ಟು ಮನೆಗೆ ಹೋದ ಮೇಲೆ ಆನ್ಸಿ ಬಾಯಿ ಕೇಳ್ತಾರಲ್ಲ, ಆ ಕುಡುಕನಿಗೆ ಯಾಕೆ ಕೊಟ್ಟೆ ಅಂತ. ಅವಳಿಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ. ನನ್ನ ಹಾಗಲ್ಲ ಅವಳು." ಸ್ವಲ್ಪ ಸುಧಾರಿಸಿಕೊಂಡು ಎಸ್ತೆರಳಿಗೆ ಹೇಳಿದ, "ಶಿಲುಬೆ ಮುಟ್ಟು. ನಾನು ಸತ್ತ ಮೇಲೂ ಹೇಳುದಿಲ್ಲ ಅಂತ." ಎಸ್ತೆರ್ ಕುತ್ತಿಗೆಯ ಶಿಲುಬೆ ಮುಟ್ಟಿದಳು. ಮುಟ್ಟಿದ ಕೈಯಿಂದಲೇ ತಲೆ ತಲೆ ಚಚ್ಚಿಕೊಂಡಳು.

ಅವನು ಎಂಟು ತಿಂಗಳು ನರಳಿ, ಮಾರ್ಚಿನಲ್ಲಿ ಹೋದ. ಕೊನೆಯ ದಿನಗಳಲ್ಲಿ ಬುದ್ಧಿ ತಪ್ಪಿತ್ತು. ಲಿವರ್ ಹೋದವರಿಗೆ ವಿಷ ತಲೆಗೇರುತ್ತದೆ. ಏವ್ರಿಲ್ ಅಂದುಕೊಂಡು ಸುಮ್ಮಸುಮ್ಮನೆ ನರ್ಸುಗಳ ಕೈ ಹಿಡಿಯುತ್ತಿದ್ದ. ಏವ್ರಿಲ್ ಬಂದದ್ದು ಮಣ್ಣಿಗೆ. ಒಂದು ಹಿಡಿ ಮಣ್ಣು ಹಾಕಿ, ಕೈ ಕೊಡವಿಕೊಂಡಳು. ಅಳಲಿಲ್ಲ.

ಮೊನ್ನೆ ಅಕ್ಟೋಬರಿನಲ್ಲಿ ನಮ್ಮ ಇಗರ್ಜಿಯ ಸಭಾಭವನದಲ್ಲಿ ಮದ್ಯಪಾನದ ವಿರುದ್ಧ ಮಕ್ಕಳಿಗೊಂದು ಕಾರ್ಯಕ್ರಮ ಇಟ್ಟಿದ್ದರು. ಮುಖ್ಯ ಭಾಷಣ ಏವ್ರಿಲ್‌ಳದ್ದು. ಈಗ ಅವಳು ಐದು ತಿಂಗಳ ಬಸುರಿ. ವೇದಿಕೆಯ ಪರದೆಯ ಮೇಲೆ ಒಂದು ಫೋಟೋ ಮೂಡಿಸಿದಳು. ರೋಸಿನ ದಿನದ್ದು. ಕೋಟು ತೊಟ್ಟ ಆಂಬ್ರೋಸ್, ಎತ್ತಿದ ಕೈಯಲ್ಲಿ ಕೆಂಪು ಗ್ಲಾಸು, ಗೋಡೆಯಷ್ಟು ದೊಡ್ಡ ನಗು.

"ಇವರು ನನ್ನ ಪಪ್ಪಾ" ಎಂದಳು. "ಒಳ್ಳೆಯ ಅಡುಗೆಯವರು. ಸಾಯ್ತೇನೆ ಅಂತ ಗೊತ್ತಿದ್ದೂ ನನ್ನ ರೋಸಿನ ದಿನ ಗ್ಲಾಸು ಬಿಡ್ಲಿಲ್ಲ. ಇವರಿಗೆ ನನಗಿಂತ ಈ ಗ್ಲಾಸು ದೊಡ್ಡದಾಗಿತ್ತು."

ಮಕ್ಕಳು ಆ ಫೋಟೋವನ್ನೇ ನೋಡಿದರು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಆನ್ಸಿ ಬಾಯಿಯ ಪಕ್ಕ ಕುಳಿತಿದ್ದ ಎಸ್ತೆರಳೂ ತಟ್ಟಿದಳು. ನಾನೂ ತಟ್ಟಿದೆ.

ಕಾರ್ಯಕ್ರಮ ಮುಗಿದು ಹೊರಗೆ ಬರುವಾಗ ಏವ್ರಿಲ್ ನನ್ನನ್ನು ತಡೆದು ನಿಲ್ಲಿಸಿದಳು. ವೇದಿಕೆಯ ಮೇಲಿದ್ದ ಗಟ್ಟಿತನ ಇರಲಿಲ್ಲ. ಕಣ್ಣು ತುಂಬಿತ್ತು.

"ಎಲೇನ್ ಆಂಟಿ, ಒಂದು ಕೇಳ್ಲಾ? ನೀವು ನರ್ಸ್ ಆಗಿದ್ದವರು, ಪಪ್ಪನನ್ನು ಅಷ್ಟು ವರ್ಷ ಇಗರ್ಜಿಯಲ್ಲಿ ನೋಡಿದವರು. ಅವರು ಕುಡೀತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಅವಳ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಎಸ್ತೆರ್ ನಿಂತಿದ್ದಳು. ಕುತ್ತಿಗೆಯ ಶಿಲುಬೆಯನ್ನು ಹಿಡಿದಿದ್ದಳು.

"ಗೊತ್ತಿತ್ತು" ಎಂದೆ.

ಏವ್ರಿಲ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡಿದಳು.

"ಹಾಗಾದ್ರೆ ನೀವಾದ್ರೂ ನನಗೆ ಹೇಳ್ಬೇಕಿತ್ತಲ್ಲ ಆಂಟಿ. ಹೇಳಿದ್ರೆ ನಾನು ಅವರನ್ನು ಉಳಿಸ್ತಿದ್ದೆ."

"ಹೌದು ಬಾಯೇ" ಎಂದೆ. "ಹೇಳ್ಬೇಕಿತ್ತು."